ವಾರಸುದಾರರಿಲ್ಲದ ನೊರೆ

ಸಮುದ್ರದ ಮೇಲೆ ತೈಲ ಚೆಲ್ಲಿದಾಗ ಸರ್ಕಾರ ಏನು ಮಾಡತಕ್ಕದ್ದು, ಚೆಲ್ಲಿದ ಸಂಸ್ಥೆ ಯಾವ ಹೊರೆ ಹೊರತಕ್ಕದ್ದು ಎಂಬ ವಿಷಯದಲ್ಲಿ ಲೋಕವು ಅನುಭವದ ಪೆಟ್ಟು ತಿಂದು ತಿಂದು ಒಂದು ಶಾಸ್ತ್ರವನ್ನೇ ಕಟ್ಟಿಕೊಂಡಿದೆ. ಆ ಶಾಸ್ತ್ರದಲ್ಲಿ ಎಷ್ಟೇ ಲೋಪಗಳಿದ್ದರೂ ಅದರ ಮೊದಲನೆಯ ಪ್ರಶ್ನೆ ಮಾತ್ರ ಎಂದಿಗೂ ತಪ್ಪಿದ್ದಲ್ಲ: ಈ ಎಣ್ಣೆ ಯಾರದು? 2006ರ ಮೇ 30ರಂದು ಕಾರವಾರದ ಎದುರಿನ ಆಯ್‌ಸ್ಟರ್ ರಾಕ್ ದ್ವೀಪದ ಬಂಡೆಗಳಿಗೆ ‘ಓಷನ್ ಸೆರಾಯಾ’ ಎಂಬ ಪನಾಮ ಧ್ವಜದ ಹಡಗು ತಗುಲಿಕೊಂಡು, ಮುಂಗಾರಿನ ಅಲೆಗಳ ಹೊಡೆತಕ್ಕೆ ಒಡಲು ಬಿರಿದು, ಅದರೊಳಗಿದ್ದ 600 ಟನ್ನಿಗೂ ಮೀರಿದ ಫರ್ನೇಸ್ ಆಯಿಲ್ ಸೋರತೊಡಗಿ ನಮ್ಮ ತೀರದ ಮರಳನ್ನೂ ನೆರೆಯ ಗೋವೆಯ ದಕ್ಷಿಣ ತೀರವನ್ನೂ ಮಲಿನಗೊಳಿಸಿದಾಗ, ಎಣ್ಣೆಯನ್ನು ಬಾಚುವ ಕೆಲಸ ಸಾವಕಾಶವಾಗಿ ನಡೆಯಿತೆಂದು ಯಾರಾದರೂ ದೂರಿರಬಹುದು, ಆದರೆ ಎಣ್ಣೆಯ ಒಡೆಯನಾರೆಂದು ಹುಡುಕುತ್ತ ಯಾರೂ ಅಲೆಯಬೇಕಾಗಿರಲಿಲ್ಲ. 2025ರ ಮೇ ತಿಂಗಳಲ್ಲಿ ಕೊಚ್ಚಿಯಾಚೆ ‘ಎಂಎಸ್‌ಸಿ ಎಲ್ಸಾ 3’ ಮುಳುಗಿದಾಗ ಕೇರಳ ಸರ್ಕಾರವು ಕೆಲವೇ ವಾರಗಳಲ್ಲಿ ಹೈಕೋರ್ಟಿನ ಮೆಟ್ಟಿಲೇರಿ 9,531 ಕೋಟಿ ರೂಪಾಯಿಗಳ ಪರಿಹಾರಕ್ಕೆ ದಾವೆ ಹೂಡಿತು; ಮುಳುಗಿದ ಹಡಗು ಕೈಗೆ ಸಿಗದುದರಿಂದ ಅದೇ ಸಂಸ್ಥೆಗೆ ಸೇರಿದ ಮತ್ತೊಂದು ಹಡಗನ್ನು ವಿಳಿಞಂ ಬಂದರಿನಲ್ಲಿ ತಡೆದು ನಿಲ್ಲಿಸುವಂತೆ ನ್ಯಾಯಾಲಯವು ಆಜ್ಞಾಪಿಸಿತು. ಕೇಳಿದ ಹಣವೆಲ್ಲ ಕೈಸೇರುವುದೋ ಇಲ್ಲವೋ, ಅದು ಬೇರೆ ಮಾತು. ಹಾನಿಗೆ ಒಂದು ಅಂಕಿ, ಅಪರಾಧಕ್ಕೆ ಒಂದು ಹೆಸರು, ಹಿಡಿದು ಕೇಳಲು ಒಂದು ಆಸ್ತಿ, ಈ ಮೂರೂ ಅಲ್ಲಿ ದೊರೆತವು.

ಈ ಮೂರೂ ದೊರೆಯದ ಒಂದು ಸೋರಿಕೆ ನಮ್ಮ ಸಮೀಪದಲ್ಲೇ, ಕಡಲಿನಿಂದ ನೂರು ಮೈಲಿಗೂ ಹೆಚ್ಚು ಒಳಗೆ, ರಾಮನಗರ ತಾಲ್ಲೂಕಿನ ಬಿಡದಿಯ ಬಳಿಯ ಬೈರಮಂಗಲದಲ್ಲಿ ದಶಕಗಳಿಂದ ನಡೆದಿದೆ. ಅದರ ಕುರಿತು ಸರ್ಕಾರವೂ ಉದ್ಯಮವೂ ನಡೆದುಕೊಂಡು ಬಂದಿರುವ ರೀತಿಯೇ ಈ ವಿಮರ್ಶೆಯ ವಸ್ತು.

ಬೈರಮಂಗಲದ ಕೆರೆ ಸ್ವಾತಂತ್ರ್ಯಪೂರ್ವದ ಕೊನೆಯ ದಶಕದಲ್ಲಿ ವೃಷಭಾವತಿಗೆ ಅಡ್ಡಲಾಗಿ ಕಟ್ಟಿದ ಜಲಾಶಯ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಜನ ಭಕ್ತಿಯಿಂದ ಹೇಳುವ ಆ ನದಿ, ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಮಗ್ಗುಲಲ್ಲೇ ಹಾದು, ಕೆಂಗೇರಿ ಕುಂಬಳಗೋಡುಗಳನ್ನು ದಾಟಿ ಬಿಡದಿಯ ಕಡೆಗೆ ಇಳಿಯುವಷ್ಟರಲ್ಲಿ, ರಾಜಧಾನಿಯ ಪಶ್ಚಿಮಾರ್ಧದ ಮನೆಗಳ ಕೊಳಚೆಯನ್ನೂ, ಪೀಣ್ಯದಿಂದ ಕುಂಬಳಗೋಡಿನವರೆಗಿನ ಕಾರ್ಖಾನೆಗಳಲ್ಲಿ ಬಣ್ಣ ಹಾಕುವ, ಲೋಹಕ್ಕೆ ಲೇಪ ಕೊಡುವ, ಬಟ್ಟೆ ತೊಳೆಯುವ ಘಟಕಗಳ ದ್ರವವನ್ನೂ ಹೊತ್ತು ತರುತ್ತದೆ. ಕೆರೆಯ ಕೋಡಿಯಲ್ಲಿ ನೀರು ಧುಮುಕುವೆಡೆ ಏಳುವ ನೊರೆ ಆಳುದ್ದ ಬೆಳೆದು, ಗಾಳಿ ಬೀಸಿದಾಗ ತುಂಡುತುಂಡಾಗಿ ಹಾರಿ ಹಿಪ್ಪುನೇರಳೆಯ ಗಿಡದ ಮೇಲೆಯೂ ದಾರಿಹೋಕರ ಬಟ್ಟೆಯ ಮೇಲೆಯೂ ಕೂರುವುದುಂಟು. ಅಂಟಿದ ನೊರೆ ಒಣಗಿದ ಬಳಿಕ ಎಲೆಯ ಮೇಲೆ ಬೂದು ಬಣ್ಣದ ಕಲೆಯೊಂದು ಉಳಿಯುತ್ತದೆ. ರೇಷ್ಮೆಹುಳುವಿಗೆ ಆ ಎಲೆ ಹಾಕುವ ಮುನ್ನ ಮನೆಯ ಹೆಂಗಸರು ಅದನ್ನು ಕೊಳವೆಬಾವಿಯ ನೀರಿನಲ್ಲಿ ತೊಳೆದು ನೆರಳಿನಲ್ಲಿ ಆರಿಸುತ್ತಾರೆ. ಆ ಕೊಳವೆಬಾವಿಯ ನೀರಾದರೂ ಎಂಥದೆಂಬುದನ್ನು ಅದರ ಬಣ್ಣವೇ ಹೇಳೀತು.

ಇಲ್ಲಿ ಈ ವಿಷಯದ ಅತ್ಯಂತ ಜಟಿಲವಾದ ಗಂಟು ಇದೆ. ದೂರದಿಂದ ನೋಡುವ ಪರಿಸರಪ್ರೇಮಿಗಳು ಅದನ್ನು ಸಾಮಾನ್ಯವಾಗಿ ಕಾಣರು. ಮೆಕ್ಸಿಕೋ ಕೊಲ್ಲಿಯಲ್ಲಿ 2010ರ ಏಪ್ರಿಲ್ 20ರಂದು ‘ಡೀಪ್‌ವಾಟರ್ ಹೊರೈಜ಼ನ್’ ಎಂಬ ತೈಲಬಾವಿ ಕೊರೆಯುವ ವೇದಿಕೆ ಸಿಡಿದು 11 ಮಂದಿ ಸತ್ತು, 87 ದಿನಗಳ ಕಾಲ ಬಾವಿ ಉಕ್ಕಿ, ಸರ್ಕಾರದ ಅಂದಾಜಿನಂತೆ 49 ಲಕ್ಷ ಪೀಪಾಯಿ ತೈಲ ಹೊರಬಿದ್ದಾಗ, ಸಿಗಡಿ ಹಿಡಿಯುವ ಬೆಸ್ತನಿಗೆ ಆ ತೈಲದಿಂದ ನಷ್ಟವಲ್ಲದೆ ಮತ್ತೇನೂ ಇರಲಿಲ್ಲ. ಅವನು ನಿಸ್ಸಂದೇಹವಾಗಿ ನೊಂದವನು. ಬೈರಮಂಗಲದ ರೈತನ ಸ್ಥಿತಿ ಹಾಗಲ್ಲ. ಬರಗಾಲದಲ್ಲಿ ಸುತ್ತಲಿನ ಕೆರೆಗಳೆಲ್ಲ ಬಿರುಕು ಬಿಟ್ಟಾಗಲೂ ಈ ಕೆರೆ ಬತ್ತದು, ಏಕೆಂದರೆ ಬೆಂಗಳೂರಿನವರು ಸ್ನಾನ ಮಾಡುವುದನ್ನು ನಿಲ್ಲಿಸರು. ಒಂದು ಫಸಲಿನ ರಾಗಿಗೆ ಮಳೆಯನ್ನೇ ನೆಚ್ಚಿದ್ದ ಹೊಲಗಳಲ್ಲಿ ಈಗ ವರ್ಷವಿಡೀ ಬೇಬಿ ಕಾರ್ನ್, ತೆಂಗು, ಸೀಮೆಹುಲ್ಲು. ಸೀಮೆಹುಲ್ಲಿನಿಂದ ಹಸು, ಹಸುವಿನಿಂದ ಡೈರಿಗೆ ಹಾಲು, ಹಾಲಿನಿಂದ ಹದಿನೈದು ದಿನಕ್ಕೊಮ್ಮೆ ಬಟವಾಡೆ. ಗೊಬ್ಬರದ ಖರ್ಚೂ ಕಡಿಮೆ, ನೀರಿನಲ್ಲೇ ಅದು ಬಂದುಬಿಡುತ್ತದೆ. ಇದಕ್ಕೆ ತೆತ್ತ ಬೆಲೆಯೆಂದರೆ ಗದ್ದೆಗಿಳಿದ ಕಾಲಿನ ಕೆರೆತ, ಸಂಜೆಯಾದರೆ ಕದ ತೆರೆಯಲಾಗದ ಸೊಳ್ಳೆ, ಊಟದ ತಟ್ಟೆಯವರೆಗೂ ಬರುವ ವಾಸನೆ, ಕುಡಿಯುವ ನೀರಿಗೆ ಕ್ಯಾನು, ಮತ್ತು ಈ ನೀರಿನ ತರಕಾರಿಯಲ್ಲಿಯೂ ಹಾಲಿನಲ್ಲಿಯೂ ಭಾರಲೋಹಗಳ ಅಂಶವನ್ನು ವಿಜ್ಞಾನಿಗಳು ಮತ್ತೆ ಮತ್ತೆ ತೋರಿಸಿದಂತೆ, ಕಣ್ಣಿಗೆ ಕಾಣದ ಒಂದು ವಿಷ. ‘ಗಲೀಜು ನೀರು ಅಂತ ಗೊತ್ತು ಸ್ವಾಮಿ, ಅದೂ ಇಲ್ದಿದ್ರೆ ಬೆಳೆ ಎಲ್ಲಿ?’ ಎಂದು ಅಲ್ಲಿಯ ಹಿರಿಯರು ಕೇಳಿದರೆ ಅದಕ್ಕೆ ಉತ್ತರ ಕೊಡುವುದು ಸುಲಭವಲ್ಲ. ನೊಂದವನನ್ನೇ ಫಲಾನುಭವಿಯನ್ನಾಗಿ ಮಾಡಿಟ್ಟರೆ ಅವನು ಗಟ್ಟಿಯಾಗಿ ದೂರಲಾರ. ಯಾರೂ ಉದ್ದೇಶಪಟ್ಟು ಹೂಡಿದ ತಂತ್ರ ಇದಲ್ಲವಾದರೂ, ಹೊಣೆ ತಪ್ಪಿಸಿಕೊಳ್ಳಬೇಕಾದವರಿಗೆ ಇದಕ್ಕಿಂತ ಅನುಕೂಲವಾದದ್ದು ಬೇರೊಂದಿಲ್ಲ.

ಸರ್ಕಾರದ ಪರಿಹಾರಗಳನ್ನು ಈ ಹಿನ್ನೆಲೆಯಲ್ಲಿ ತೂಗಿ ನೋಡಬೇಕು. ಅವುಗಳಲ್ಲಿ ಹೆಚ್ಚು ಚರ್ಚೆಗೆ ಬಂದದ್ದು ಕೆರೆಯನ್ನು ಬಳಸಿಹೋಗುವ ಕಾಲುವೆಯ ಯೋಜನೆ: ಕೊಳಚೆ ನೀರು ಕೆರೆಗೆ ಬೀಳದಂತೆ ಪಕ್ಕದಲ್ಲೇ ತೋಡಿದ ಕಾಲುವೆಯ ಮೂಲಕ ಅದನ್ನು ಕೆಳಗಿನ ಪಾತ್ರಕ್ಕೆ ಸಾಗಿಸಿ, ಕೆರೆಯ ಹೂಳೆತ್ತಿ ಶುದ್ಧಗೊಳಿಸುವುದು. ಕೆರೆಯೊಂದನ್ನೇ ನೋಡಿದರೆ ಯೋಜನೆ ಸಾಧುವಾಗಿಯೇ ಕಾಣುತ್ತದೆ. ಆದರೆ ಕೆಳಗಿನ ಪಾತ್ರ ಹೋಗಿ ಸೇರುವುದು ಕನಕಪುರದ ಕಡೆ ಅರ್ಕಾವತಿಗೆ. ಅರ್ಕಾವತಿ ಹಾರೋಬೆಲೆಯ ಜಲಾಶಯವನ್ನು ತುಂಬಿ, ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಬೈರಮಂಗಲದಲ್ಲಿ ನಿಂತು ಕೊಂಚ ತಿಳಿಯಾಗಿ ಹೋಗುತ್ತಿದ್ದ ನೀರು, ನಿಲ್ಲುವ ಅವಕಾಶವೂ ಇಲ್ಲದೆ, ಬಂದ ಹಾಗೆಯೇ ಕನಕಪುರಕ್ಕೆ ಇಳಿಯುವುದು. ಇದರಿಂದ ಮಾಲಿನ್ಯದ ವಿಳಾಸ ಬದಲಾಗುವುದೇ ಹೊರತು ಮಾಲಿನ್ಯ ಕಿಂಚಿತ್ತೂ ಕುಗ್ಗದು. ಮೆಕ್ಸಿಕೋ ಕೊಲ್ಲಿಯಲ್ಲಿಯೂ ಇಂಥದೊಂದು ಉಪಾಯ ನಡೆಯಿತು. ತೈಲವನ್ನು ಸೂಕ್ಷ್ಮ ಬಿಂದುಗಳಾಗಿ ಒಡೆದು ಚದುರಿಸುವ ರಾಸಾಯನಿಕವನ್ನು ಸುಮಾರು 70 ಲಕ್ಷ ಲೀಟರಿನಷ್ಟು ಸುರಿದರು. ತೀರಕ್ಕೆ ಬರಬೇಕಾಗಿದ್ದ ಎಣ್ಣೆಯ ಒಂದು ಪಾಲು ಮೇಲ್ಮೈಯಿಂದ ಮರೆಯಾಗಿ ನೀರಿನೊಳಗೆ ಬೆರೆಯಿತು, ಅಲ್ಲಿಯ ಜೀವಿಗಳಿಗೆ ಅದರಿಂದೇನಾಯಿತೆಂಬ ವಿವಾದ ಇಂದಿಗೂ ಉಳಿದಿದೆ. ಎರಡು ಕ್ರಮಗಳಿಗೂ ಒಂದೇ ದೃಷ್ಟಿ: ಛಾಯಾಚಿತ್ರಕ್ಕೆ ಸಿಗುವ ಸ್ಥಳದಿಂದ ಕೊಳೆಯನ್ನು ಸರಿಸಿಬಿಡುವುದು. ಕೊಲ್ಲಿಯಲ್ಲಾದರೋ ರಾಸಾಯನಿಕ ಸುರಿದವರ ಕೈಯಿಂದಲೇ ಮುಂದೆ 2,000 ಕೋಟಿ ಡಾಲರಿಗೂ ಮೀರಿದ ಹಣ ತೆರುವ ಒಪ್ಪಂದವನ್ನು ಸರ್ಕಾರ ಮಾಡಿಸಿಕೊಂಡಿತು. ಬೈರಮಂಗಲದ ಕಾಲುವೆಗೆ ಹಣ ಕೊಡತಕ್ಕವರು ತೆರಿಗೆದಾರರು, ಎಂದರೆ ಆ ನೊರೆಯನ್ನು ಸಹಿಸಿಕೊಂಡ ರೈತರೂ ಅವರಲ್ಲಿ ಸೇರಿದವರೇ.

ಕೊಳಕು ಸಹಸ್ರ ಬಾಯಿಗಳಿಂದ ಬರುತ್ತದೆ, ಯಾವ ಹನಿ ಯಾರದೆಂದು ಹೇಳಲಾಗದು, ಆದುದರಿಂದ ಹೊಣೆ ಹೊರಿಸುವುದು ಅಶಕ್ಯವೆಂದು ಅಧಿಕಾರಿಗಳು ಹೇಳುವುದುಂಟು. ವಾದ ಕೇಳಲು ಇಂಪಾಗಿದೆ. ಆದರೆ ನಮ್ಮ ದೇಶದಲ್ಲೇ ಅದು ಬಹಳ ಹಿಂದೆ ಬಿದ್ದುಹೋದ ವಾದ. ಅಪಾಯಕರ ಉದ್ಯಮ ನಡೆಸುವವನು ತಾನು ಎಚ್ಚರಿಕೆ ವಹಿಸಿದ್ದೆನೆಂದು ಹೇಳಿಯೂ ಪಾರಾಗಲಾರನೆಂಬ ಸಂಪೂರ್ಣ ಹೊಣೆಯ ತತ್ತ್ವವನ್ನು, ದೆಹಲಿಯ ಕಾರ್ಖಾನೆಯೊಂದರ ಓಲಿಯಂ ಅನಿಲ ಸೋರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1986ರಲ್ಲೇ ಸ್ಥಾಪಿಸಿತು. ಅದಕ್ಕಿಂತಲೂ ನಮಗೆ ಹತ್ತಿರವಾದದ್ದು 1996ರ ವೆಲ್ಲೂರಿನ ತೀರ್ಪು. ಅರ್ಕಾವತಿಯಂತೆಯೇ ನಂದಿದುರ್ಗದ ಆಸುಪಾಸಿನಲ್ಲಿ ಹುಟ್ಟಿ ತಮಿಳುನಾಡಿಗೆ ಹರಿಯುವ ಪಾಲಾರ್ ನದಿಯ ದಂಡೆಗಳನ್ನು ನೂರಾರು ಚರ್ಮೋದ್ಯಮ ಘಟಕಗಳು ಕೂಡಿಯೇ ಕೆಡಿಸಿದ್ದವು. ಅಲ್ಲಿಯೂ ಯಾವ ಹನಿ ಯಾರದೆಂದು ಹೇಳುವಂತಿರಲಿಲ್ಲ. ಆದರೂ ಕೆಡಿಸಿದವನೇ ತೆರಬೇಕೆಂಬ ತತ್ತ್ವವನ್ನು ನ್ಯಾಯಾಲಯವು ಎತ್ತಿಹಿಡಿದು, ಹಾನಿಯನ್ನೂ ಅದಕ್ಕೆ ಪಾತ್ರರಾದ ಕುಟುಂಬಗಳನ್ನೂ ಗುರುತಿಸಿ ಪರಿಹಾರ ನಿಗದಿ ಮಾಡಲು ಪ್ರತ್ಯೇಕ ಪ್ರಾಧಿಕಾರವನ್ನು ಏರ್ಪಡಿಸುವಂತೆ ಮಾಡಿತು, ಆ ಪ್ರಾಧಿಕಾರ ಕೆಲಸವನ್ನೂ ಮಾಡಿತು. ಪಾಲಾರಿನಲ್ಲಿ ಸಾಧ್ಯವಾದ ಲೆಕ್ಕ ವೃಷಭಾವತಿಯಲ್ಲಿ ಅಸಾಧ್ಯವೆನ್ನುವುದಕ್ಕೆ ನನಗೆ ಒಂದೇ ಕಾರಣ ತೋರುತ್ತದೆ. ಇಲ್ಲಿಯ ದೊಡ್ಡ ಪಾಲುದಾರ ಯಾವ ಕಾರ್ಖಾನೆಯೂ ಅಲ್ಲ, ನಗರವೇ. ನಗರದ ಚರಂಡಿಗಳನ್ನು ನಡೆಸುವುದು ಸರ್ಕಾರದ್ದೇ ಅಂಗವಾದ ಜಲಮಂಡಳಿ. ವಿಚಾರಣೆ ಮಾಡಬೇಕಾದವನೇ ಮೊದಲನೆಯ ಪ್ರತಿವಾದಿಯಾಗಿ ನಿಲ್ಲಬೇಕಾದಾಗ ವಿಚಾರಣೆಯ ದಿನ ಮುಂದಕ್ಕೆ ಹೋಗುತ್ತಲೇ ಇರುವುದು ಸಹಜ. ಕಾರ್ಖಾನೆಯವರು ಈ ನೆರಳಿನಲ್ಲಿ ಸುಖವಾಗಿದ್ದಾರೆ. ನಗರವನ್ನು ಮೊದಲು ಹಿಡಿಯಿರೆಂದರೆ ಸಾಕು, ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟೀಸು ಕಡತದೊಳಗೇ ತಣ್ಣಗಾಗುತ್ತದೆ.

ಉದ್ಯಮಗಳ ಸಾಮಾಜಿಕ ಹೊಣೆಗಾರಿಕೆ ಎಂದು 2013ರ ಕಂಪನಿ ಕಾಯಿದೆ ವಿಧಿಸಿರುವ ಲಾಭದ ಶೇಕಡಾ 2ರ ವೆಚ್ಚವನ್ನು ಇಲ್ಲಿ ಪ್ರಸ್ತಾಪಿಸದಿರಲಾಗದು. ಕೈಗಾರಿಕಾ ಪ್ರದೇಶಗಳ ಸುತ್ತಿನ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ, ಶಾಲೆಗೆ ಬೆಂಚು, ಆರೋಗ್ಯ ಶಿಬಿರ, ಇವೆಲ್ಲ ಕಂಪನಿಯ ಫಲಕ ಹೊತ್ತು ನಿಂತಿರುತ್ತವೆ. ಅವುಗಳಿಂದ ಉಪಕಾರವಾಗಿಲ್ಲವೆಂದು ಯಾರೂ ಹೇಳರು. ಆದರೆ ಅಂತರ್ಜಲ ಕೆಟ್ಟ ಊರಿನಲ್ಲಿ ಕುಡಿಯುವ ನೀರಿನ ಘಟಕವನ್ನು ದಾನವೆಂದು ಸ್ವೀಕರಿಸಿದೊಡನೆಯೇ ಅದನ್ನು ಪರಿಹಾರವೆಂದು ಕೇಳುವ ಹಕ್ಕು ಸಡಿಲವಾಗುತ್ತದೆ. ದಾನದ ಪ್ರಮಾಣವನ್ನು ದಾನಿ ನಿಶ್ಚಯಿಸುತ್ತಾನೆ, ಪರಿಹಾರದ ಪ್ರಮಾಣವನ್ನು ಹಾನಿ ನಿಶ್ಚಯಿಸಬೇಕು. 2024ರಲ್ಲಿ ಜಲಮಾಲಿನ್ಯದ ಮೂಲ ಕಾಯಿದೆಗೆ ತಿದ್ದುಪಡಿಯಾಗಿ, ಅನೇಕ ಅಪರಾಧಗಳಿಗಿದ್ದ ಸೆರೆವಾಸ ಹೋಗಿ 10,000 ರೂಪಾಯಿಗಳಿಂದ 15 ಲಕ್ಷದವರೆಗಿನ ದಂಡ ಬಂದಿದೆ. ಮೊದಲು ಕೆಲವೇ ರಾಜ್ಯಗಳಿಗೆ ಅನ್ವಯಿಸಿದ ಈ ಸೌಮ್ಯತೆ ಯಾವ ದಿಕ್ಕಿನ ಸೂಚನೆಯೆಂಬುದು ಸ್ಪಷ್ಟವಾಗಿಯೇ ಇದೆ.

ಸರ್ಕಾರಕ್ಕೆ ಶಕ್ತಿಯಿಲ್ಲವೆಂದು ಮಾತ್ರ ಯಾರೂ ಹೇಳಬಾರದು. ಇದೇ ಜಿಲ್ಲೆಯ ಮಾಗಡಿ ಸೀಮೆಯಲ್ಲಿ, ಬೆಂಗಳೂರಿಗೆ ಕುಡಿಯುವ ನೀರು ಕೊಡುತ್ತಿದ್ದ ತಿಪ್ಪಗೊಂಡನಹಳ್ಳಿಯ ಜಲಾಶಯಕ್ಕೆ ಕೆಡುಕು ಬಂದೀತೆಂದು ಕಂಡಾಗ, 2003ರ ನವೆಂಬರ್ 18ರಂದು ಒಂದು ಅಧಿಸೂಚನೆ ಹೊರಬಿದ್ದು ಅದರ ಜಲಾನಯನ ಪ್ರದೇಶವನ್ನೆಲ್ಲ ವಲಯಗಳಾಗಿ ವಿಂಗಡಿಸಿ, ಎಲ್ಲಿ ಯಾವ ಕೈಗಾರಿಕೆ ಬರಕೂಡದು, ನದಿಯಿಂದ ಎಷ್ಟು ದೂರದಲ್ಲಿ ಕಟ್ಟಡವೇಳಬೇಕು ಎಂಬುದನ್ನು ಗೆರೆ ಎಳೆದು ಹೇಳಿತು. ಆ ಗೆರೆಗಳು ಅನಂತರ ಸಡಿಲಗೊಂಡವೆಂಬುದು ಬೇರೆ ಕಥೆ. ನಗರ ಕುಡಿಯುವ ನೀರಿಗೆ ಇಷ್ಟು ಸೂಕ್ಷ್ಮವಾದ ಎಚ್ಚರ, ನಗರ ಉಗುಳಿದ ನೀರಿಗೆ ಒಂದು ಕಾಲುವೆ. ಚನ್ನಪಟ್ಟಣದವರು ಈ ಹರಿವಿನಿಂದ ಪಾರಾದದ್ದು ಅವರ ಕಣ್ವ ನದಿ ಬೇರೆ ದಿಕ್ಕಿಗೆ, ಶಿಂಷೆಗೆ, ಹರಿಯುವುದರಿಂದ. ಅದರಲ್ಲಿ ಆಡಳಿತದ ಜಾಣ್ಮೆಯೇನೂ ಇಲ್ಲ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ಕಲುಷಿತ ನದೀಭಾಗಗಳನ್ನು ಪಟ್ಟಿ ಮಾಡಿದಾಗ ಕರ್ನಾಟಕದ 17ರಲ್ಲಿ ಅರ್ಕಾವತಿಯೂ ಸೇರಿತ್ತು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಪೀಠವು ಕಸವನ್ನೂ ಕೊಳಚೆಯನ್ನೂ ನಿರ್ವಹಿಸದಿದ್ದುದಕ್ಕಾಗಿ ರಾಜ್ಯಕ್ಕೆ 2,900 ಕೋಟಿ ರೂಪಾಯಿಗಳ ಪರಿಹಾರ ವಿಧಿಸಿತು. ಈ ಅಂಕಿ ಎಷ್ಟು ದೊಡ್ಡದೋ ಅಷ್ಟೇ ಅಮೂರ್ತ. ಬೈರಮಂಗಲದ ಯಾವ ಮನೆಯ ಯಾವ ಬಾವಿಗೆ ಅದರಲ್ಲಿ ಎಷ್ಟು ಪಾಲು ಎಂಬ ಪ್ರಶ್ನೆಗೆ ಆ ಆಜ್ಞೆಯಲ್ಲಿ ಜಾಗವೇ ಇರಲಿಲ್ಲ.

2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ನಾಮಕರಣವಾಯಿತು. ನಗರದ ಕೊಳಚೆ ಎಷ್ಟೋ ವರ್ಷ ಮೊದಲೇ ಬಂದಿತ್ತು, ಹೆಸರು ಈಗ ಬಂದಿದೆ. ಅದೇ ವರ್ಷ ಬೈರಮಂಗಲ ಮತ್ತು ಸುತ್ತಲಿನ ಹಳ್ಳಿಗಳ ಸಾವಿರಾರು ಎಕರೆ ಜಮೀನನ್ನು ಹೊಸ ಉಪನಗರಕ್ಕಾಗಿ ಸ್ವಾಧೀನಪಡಿಸಿಕೊಳ್ಳುವ ಅಧಿಸೂಚನೆ ಹೊರಟು, ರೈತರು ಧರಣಿ ಕುಳಿತರು. ಭೂಮಿಯ ದರವೆಷ್ಟು, ಅಭಿವೃದ್ಧಿಪಡಿಸಿದ ನಿವೇಶನದಲ್ಲಿ ಪಾಲೆಷ್ಟು ಎಂಬ ಚೌಕಾಸಿ ನಡೆದಿದೆ. ಇಷ್ಟು ದಶಕಗಳ ಕೊಳೆಯಿಂದ ಆ ಮಣ್ಣಿಗೂ ಬಾವಿಗೂ ದನಕ್ಕೂ ಮನುಷ್ಯರಿಗೂ ಆದ ನಷ್ಟದ ಬಾಬು ಆ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಕೇರಳವು ಒಂದು ಹಡಗಿನ ಕುರಿತು ಕೆಲವೇ ವಾರಗಳಲ್ಲಿ ಮಾಡಿ ಮುಗಿಸಿದ ಎಣಿಕೆಯನ್ನು, ಊರೂರಿಗೆ ಹೋಗಿ, ಸರ್ವೆ ನಂಬರು ಹಿಡಿದು, ಸ್ವಾಧೀನದ ಕಾಗದಗಳಿಗೆ ಸಹಿ ಬೀಳುವ ಮೊದಲೇ ಇಲ್ಲಿಯೂ ಮಾಡಬೇಕು. ಪಹಣಿಯಲ್ಲಿ ಹೆಸರು ಬದಲಾದ ಮೇಲೆ ಆ ದಾವೆ ಹೂಡುವುದಕ್ಕೆ ವಾದಿಯೇ ಇರುವುದಿಲ್ಲ.