ಖರ್ಚು ಊರಿನದು, ಫಸಲು ಒಬ್ಬನದು

ಬಡ ದೇಶಗಳ ಶಿಕ್ಷಣ ನೀತಿಯ ಚರ್ಚೆಯಲ್ಲಿ ಜಾರ್ಜ್ ಸಾಕರೋಪುಲೋಸ್ ಅವರಷ್ಟು ಉಲ್ಲೇಖಗೊಂಡ ವಿದ್ವಾಂಸರು ಕಡಿಮೆ. ಗ್ರೀಸ್ ಮೂಲದ ಈ ಅರ್ಥಶಾಸ್ತ್ರಜ್ಞ ಷಿಕಾಗೊದಲ್ಲಿ ಡಾಕ್ಟರೇಟ್ ಪಡೆದರು, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಪಾಠ ಹೇಳಿದರು, 1981ರಿಂದ 1998ರವರೆಗೆ ವಿಶ್ವಬ್ಯಾಂಕಿನಲ್ಲಿದ್ದರು. ಶಿಕ್ಷಣಕ್ಕೆ ಹಾಕಿದ ಹಣ ಎಷ್ಟು ಪ್ರತಿಫಲ ಕೊಡುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಅವರು 1973ರ ಪುಸ್ತಕದಲ್ಲಿ ಎತ್ತಿಕೊಂಡರು. 1985, 1994, 2004, 2018ರಲ್ಲಿ ಅದನ್ನೇ ಪರಿಷ್ಕರಿಸುತ್ತ ಹೋದರು. ಕೊನೆಯ ಎರಡು ಪರಿಷ್ಕರಣೆಗಳಲ್ಲಿ ಹ್ಯಾರಿ ಪ್ಯಾಟ್ರಿನೋಸ್ ಜೊತೆಗಿದ್ದರು. 2018ರ ಹೊತ್ತಿಗೆ 139 ದೇಶಗಳ 1,120 ಅಂದಾಜುಗಳು ಒಂದೆಡೆ ಸೇರಿದ್ದವು. ಈ ಶ್ರಮ ದೊಡ್ಡದು. ಆದರೆ ಶ್ರಮದ ಮೇಲೆ ಕಟ್ಟಿದ ಕೀರ್ತಿ ಅದಕ್ಕಿಂತ ಬಹಳ ದೊಡ್ಡದಾಗಿ ಬೆಳೆದಿದೆ. ಆ ಕೀರ್ತಿಗೆ ಆಧಾರವಾದ ಕೋಷ್ಟಕದ ಮುಖ್ಯ ಅಂಕಣವೇ ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಓದನ್ನು ಬಂಡವಾಳ ಹೂಡಿಕೆಯಂತೆ ಕಾಣುವ ಶುಲ್ಟ್ಜ್, ಬೆಕರ್ ಅವರ ಮಾನವ ಬಂಡವಾಳದ ಸಿದ್ಧಾಂತವನ್ನು ಇಲ್ಲಿ ಮತ್ತೆ ವಿವರಿಸಬೇಕಿಲ್ಲ. ನೇರವಾಗಿ 1994ರ ಪರಿಷ್ಕರಣೆಯ ಕೋಷ್ಟಕಕ್ಕೆ ಬರೋಣ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕದ ಸಾಲಿನಲ್ಲಿ ಪ್ರಾಥಮಿಕ ಶಿಕ್ಷಣದ ‘ಸಾಮಾಜಿಕ’ ಪ್ರತಿಫಲ ದರ ಶೇ. 24.3, ಪ್ರೌಢಶಿಕ್ಷಣದ್ದು ಶೇ. 18.2, ಉನ್ನತ ಶಿಕ್ಷಣದ್ದು ಶೇ. 11.2. ಮೇಲೇರಿದಂತೆ ದರ ಇಳಿಯುತ್ತದೆ. ಸರ್ಕಾರದ ಹಣ ಪ್ರಾಥಮಿಕ ಶಾಲೆಗೆ ಹೋಗಲಿ, ವಿಶ್ವವಿದ್ಯಾಲಯದ ವಿದ್ಯಾರ್ಥಿ ತನ್ನ ಖರ್ಚನ್ನು ತಾನೇ ಹೊರಲಿ ಎಂಬ ತೀರ್ಮಾನ ಈ ಇಳಿಜಾರಿನಿಂದಲೇ ಹುಟ್ಟುತ್ತದೆ.

ಅದೇ ಸಾಲಿನ ಖಾಸಗಿ ದರಗಳನ್ನು ಪಕ್ಕದಲ್ಲಿಟ್ಟು ನೋಡಬೇಕು: 41.3, 26.6, 27.8. ಇಲ್ಲಿ ಪ್ರೌಢಶಿಕ್ಷಣಕ್ಕಿಂತ ಉನ್ನತ ಶಿಕ್ಷಣವೇ ಒಂದಿಷ್ಟು ಮುಂದಿದೆ. ಖಾಸಗಿ ಲೆಕ್ಕದಲ್ಲಿ 27.8 ಇದ್ದದ್ದು ಸಾಮಾಜಿಕ ಲೆಕ್ಕದಲ್ಲಿ 11.2ಕ್ಕೆ ಕುಸಿದದ್ದು ಹೇಗೆ? ಉತ್ತರ ಲೆಕ್ಕದ ವಿಧಾನದಲ್ಲೇ ಇದೆ. ಖಾಸಗಿ ದರಕ್ಕೆ ಓದುವವನು ಕಳೆದುಕೊಂಡ ದುಡಿಮೆ ಮತ್ತು ಅವನ ಕೈಯಿಂದ ಹೋದ ಹಣ ವೆಚ್ಚದ ಕಡೆ ಸೇರುತ್ತವೆ. ಹೆಚ್ಚಾಗಿ ಬಂದ ಸಂಬಳ ಲಾಭದ ಕಡೆ. ಸಾಮಾಜಿಕ ದರಕ್ಕೆ ಬಂದಾಗ ಸರ್ಕಾರ ಮಾಡಿದ ವೆಚ್ಚವನ್ನೆಲ್ಲ ಕೂಡಿಸುತ್ತಾರೆ. ಲಾಭದ ಕಡೆ ಮಾತ್ರ ತೆರಿಗೆ ಕಳೆಯುವ ಮುಂಚಿನ ಅದೇ ಒಬ್ಬನ ಸಂಬಳ ಉಳಿಯುತ್ತದೆ. ಕೆರೆ ಕಟ್ಟಿದ ಖರ್ಚನ್ನು ಇಡೀ ಊರಿನ ಲೆಕ್ಕಕ್ಕೆ ಬರೆದು, ಫಸಲನ್ನು ಮಾತ್ರ ಒಬ್ಬನ ಗದ್ದೆಯಲ್ಲಿ ಅಳೆದಂತಾಯಿತು. ವೈದ್ಯೆಯೊಬ್ಬಳು ತಡೆದ ಸಾಂಕ್ರಾಮಿಕ, ಎಂಜಿನಿಯರ್ ತಂದ ಕುಡಿಯುವ ನೀರು, ನ್ಯಾಯಾಧೀಶರು ಉಳಿಸಿದ ಹಕ್ಕು, ಯಾವುದೂ ಈ ಲೆಕ್ಕಕ್ಕೆ ಬರುವುದಿಲ್ಲ. ಅವರ ಸಂಬಳದ ಚೀಟಿ ಮಾತ್ರ ಬರುತ್ತದೆ. ಒಬ್ಬ ವಿದ್ಯಾರ್ಥಿಯ ಮೇಲೆ ಸರ್ಕಾರ ಮಾಡುವ ವೆಚ್ಚ ವಿಶ್ವವಿದ್ಯಾಲಯದಲ್ಲೇ ಅತಿ ಹೆಚ್ಚು. ಹಾಗಾಗಿ ಅನುಪಾತದಲ್ಲಿ ಈ ವಿಧಾನ ಅತಿ ಹೆಚ್ಚು ಪೆಟ್ಟು ಕೊಡುವುದೂ ಅಲ್ಲಿಗೇ. ಪ್ರೌಢಶಿಕ್ಷಣದಿಂದ ಉನ್ನತ ಶಿಕ್ಷಣಕ್ಕೆ ಕಾಣುವ ಇಳಿಜಾರನ್ನು ತಂದದ್ದು ಈ ವಿಧಾನವೇ.

ಬಾಹ್ಯ ಲಾಭಗಳನ್ನು ಅಳೆಯಲು ಪುರಾವೆ ಸಾಲದು, ಆದ್ದರಿಂದ ಕಣ್ಣಿಗೆ ಕಾಣುವ ಹಣವನ್ನಷ್ಟೇ ಎಣಿಸಿದ್ದೇವೆ ಎಂದು ಸಾಕರೋಪುಲೋಸ್ ಸ್ವತಃ ಒಪ್ಪುತ್ತಾರೆ. ಆದರೆ ಅಳೆಯಲಾಗದ್ದನ್ನು ಸೊನ್ನೆ ಎಂದು ಬರೆದುಕೊಂಡ ಮೇಲೆ ಮೂರು ಹಂತಗಳನ್ನು ಒಂದರ ಕೆಳಗೊಂದು ಇಟ್ಟು ಆದ್ಯತೆ ಹೇಳುವ ಅಧಿಕಾರ ಉಳಿಯುವುದಿಲ್ಲ. ಅವರು ಹೇಳಿದರು, ಮತ್ತೆ ಮತ್ತೆ ಹೇಳಿದರು.

ಪ್ರಾಥಮಿಕ ಹಂತದ ಅಂಕಿಯೂ ಗಟ್ಟಿಯಲ್ಲ. ಚಿಕ್ಕ ಮಗು ಶಾಲೆಗೆ ಹೋದರೆ ಮನೆಗೆ ನಷ್ಟವೇ ಇಲ್ಲ, ಇದ್ದರೂ ಅಲ್ಪ ಎಂದುಕೊಂಡರೆ ವೆಚ್ಚ ಕುಗ್ಗಿ ದರ ಉಬ್ಬುತ್ತದೆ. ಆಡು ಕಾಯುವ, ತಮ್ಮನನ್ನು ಎತ್ತಿಕೊಳ್ಳುವ, ದೂರದಿಂದ ನೀರು ಹೊರುವ ಮಕ್ಕಳ ದುಡಿಮೆಗೆ ಅಲ್ಲಿ ಬೆಲೆಯಿಲ್ಲ. ಮೇಲಾಗಿ ಲಾಭವನ್ನು ಅಳೆಯುವುದು ಸಂಬಳದಾರರಿಂದ. ಬಹುಪಾಲು ಜನ ಸ್ವಂತ ಹೊಲದಲ್ಲಿ, ಸಂತೆಯಲ್ಲಿ ದುಡಿಯುವ ದೇಶದಲ್ಲಿ ತಿಂಗಳ ಸಂಬಳ ಕಾಣುವವರು ಕೆಲವೇ ಮಂದಿ. ಅವರಲ್ಲೂ ಅನೇಕರ ವೇತನವನ್ನು ನಿಗದಿ ಮಾಡುವುದು ಸರ್ಕಾರ. ಆಗ ಅಳೆದದ್ದು ವಿದ್ಯೆಯ ಫಲವನ್ನೋ ವೇತನ ಶ್ರೇಣಿಯನ್ನೋ?

ಇನ್ನು ಅವರ ವಿಮರ್ಶಕರು. ಪಾಲ್ ಬೆನೆಲ್ 1996ರಲ್ಲಿ ಆಫ್ರಿಕದ ಅಂದಾಜುಗಳನ್ನು ಒಂದೊಂದಾಗಿ ಬಿಚ್ಚಿ, ಹಲವು ಹಳೆಯವು, ಹಲವು ಕಳಪೆ ಎಂದು ತೋರಿಸಿದರು. ಬೇಕಾಗಿದ್ದ ಕೆಲಸ. ಆದರೆ ಅದನ್ನೇ ಕೊನೆಯ ಮಾತೆಂದು ಹಿಡಿದವರು ಅಪಾಯವನ್ನು ಗಮನಿಸಲಿಲ್ಲ: ದತ್ತಾಂಶ ಕೆಟ್ಟದ್ದು ಎಂದಷ್ಟೇ ಹೇಳಿದರೆ, ಒಳ್ಳೆಯ ದತ್ತಾಂಶ ತಂದಾಗ ಸೋಲಬೇಕಾಗುತ್ತದೆ. ತಪ್ಪು ದತ್ತಾಂಶದ್ದಷ್ಟೇ ಅಲ್ಲ, ಸೂತ್ರದ್ದು. ನಮ್ಮಲ್ಲಿಯ ಎಡಪಂಥೀಯ ಬರಹಗಾರರದು ಬೇರೆಯೇ ಸೋಮಾರಿತನ. ‘ವಿಶ್ವಬ್ಯಾಂಕ್’ ಎಂಬ ಪದವನ್ನೇ ಬೈಗುಳ ಮಾಡಿಕೊಂಡು, ಕೋಷ್ಟಕವನ್ನು ತೆರೆದೂ ನೋಡದೆ ತೀರ್ಪು ಕೊಡುತ್ತಾರೆ. 1994ರಲ್ಲಿ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳಿಗೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ) ಬಂದಾಗ ಅದರ ಹಿಂದೆ ಬ್ಯಾಂಕಿನ ಸಾಲವಿತ್ತು. ಪ್ರಾಥಮಿಕ ಶಿಕ್ಷಣಕ್ಕೇ ಸಾಲ ಕೊಡುವ ಆ ಒಲವಿಗೆ ಬಲ ತುಂಬಿದ ತರ್ಕ ಇದೇ. ಅದರೊಡನೆ ಅಂಕಿಗೆ ಅಂಕಿ ಇಟ್ಟು ಜಗಳವಾಡಬೇಕಿತ್ತು.

ಎಲ್ಲಕ್ಕಿಂತ ಹೆಚ್ಚು ನಾನು ಒಪ್ಪದಿರುವುದು ಸಾಕರೋಪುಲೋಸ್ ಸಮರ್ಥಕರ ಮಾತನ್ನು: ವಿದ್ವಾಂಸ ಬೇರೆ, ಸಂಸ್ಥೆ ಬೇರೆ, ದುರ್ಬಳಕೆ ಬ್ಯಾಂಕಿನದು. ಬಡ ದೇಶಗಳಲ್ಲಿ ಶಿಕ್ಷಣಕ್ಕೆ ಹಣ ಹೊಂದಿಸುವ ಬಗ್ಗೆ ಬ್ಯಾಂಕ್ 1986ರಲ್ಲಿ ಪ್ರಕಟಿಸಿದ, ಉನ್ನತ ಶಿಕ್ಷಣದಲ್ಲಿ ಶುಲ್ಕ ಏರಿಸಲು ಸೂಚಿಸಿದ ವರದಿಯನ್ನು ಬರೆದವರಲ್ಲಿ ಮೊದಲ ಹೆಸರೇ ಸಾಕರೋಪುಲೋಸ್ ಅವರದು. ಜೀ-ಪೆಂಗ್ ಟಾನ್, ಎಮ್ಯಾನುಯೆಲ್ ಹಿಮೆನೆಸ್ ಜೊತೆಗಾರರು. ಕೋಷ್ಟಕ ಮಾಡಿದ ಕೈಯೇ ಶಿಫಾರಸನ್ನೂ ಬರೆಯಿತು.

ಅವರ ಪಾಲಿನ ನ್ಯಾಯವನ್ನೂ ಹೇಳಬೇಕು. ಬಡ ದೇಶಗಳಲ್ಲಿ ವಿಶ್ವವಿದ್ಯಾಲಯದ ಸಹಾಯಧನ ಹೆಚ್ಚಾಗಿ ಉಳ್ಳವರ ಮಕ್ಕಳಿಗೆ ದಕ್ಕುತ್ತದೆ ಎಂದು ಅವರು ತೋರಿಸಿದ್ದು ನಿಜ. ಹೆಣ್ಣುಮಕ್ಕಳ ಓದಿನ ಪ್ರತಿಫಲ ಗಂಡುಮಕ್ಕಳದಕ್ಕಿಂತ ಕಡಿಮೆಯಲ್ಲ ಎಂಬ ಅವರ ಅಂಕಿ ಅನೇಕ ಸಚಿವಾಲಯಗಳಲ್ಲಿ ಉಪಯೋಗಕ್ಕೆ ಬಂದಿದೆ. ಇವೆರಡೂ ಉಳಿಯುತ್ತವೆ.

ಆದರೆ ಕಂಪಾಲದ ಮಕೆರೆರೆ ವಿಶ್ವವಿದ್ಯಾಲಯ ಶುಲ್ಕದ ವಿದ್ಯಾರ್ಥಿಗಳನ್ನು ತುಂಬಿಕೊಂಡು ಸಂಶೋಧನೆಯನ್ನು ಕಳೆದುಕೊಂಡ ಬಗೆಯನ್ನು ಮಹಮೂದ್ ಮಮ್ದಾನಿ 2007ರ ಪುಸ್ತಕದಲ್ಲಿ ದಾಖಲಿಸಿದ್ದಾರೆ. ವಿಶ್ವಬ್ಯಾಂಕ್ ಮತ್ತು ಯುನೆಸ್ಕೊ ಸೇರಿ ನೇಮಿಸಿದ ಕಾರ್ಯಪಡೆಯೇ 2000ದಲ್ಲಿ, ಸಂಕುಚಿತವಾದ ಆರ್ಥಿಕ ವಿಶ್ಲೇಷಣೆ ಉನ್ನತ ಶಿಕ್ಷಣವನ್ನು ಕಡೆಗಣಿಸಲು ಕಾರಣವಾಯಿತೆಂದು ಬರೆಯಿತು. ಪ್ರಾಥಮಿಕ ಶಾಲೆಯ ಮೇಷ್ಟ್ರು ಪ್ರೌಢಶಾಲೆ ದಾಟಿ ಬಂದವರು. ಅವರಿಗೆ ಕಲಿಸಿದವರು ಕಾಲೇಜು ದಾಟಿ ಬಂದವರು. ಪಠ್ಯ ಬರೆದವರು ವಿಶ್ವವಿದ್ಯಾಲಯದಿಂದ ಬಂದವರು. ಆ ವೆಚ್ಚವನ್ನು ಮೇಲಿನ ಹಂತಕ್ಕೆ ಬರೆದು ಫಲವನ್ನು ಕೆಳಗಿನ ಹಂತಕ್ಕೆ ಬರೆಯುವ ಲೆಕ್ಕ ಹಂತಗಳನ್ನು ಪರಸ್ಪರ ಸ್ಪರ್ಧಿಗಳನ್ನಾಗಿ ಮಾಡುತ್ತದೆ. ಸಾಕರೋಪುಲೋಸ್ ಅವರನ್ನು ಅಂದಾಜುಗಳ ಶ್ರದ್ಧಾವಂತ ಸಂಗ್ರಾಹಕರೆಂದು ಗೌರವಿಸೋಣ. ಯಾವ ಮಗುವಿನ ಓದಿಗೆ ಸರ್ಕಾರ ದುಡ್ಡು ಕೊಡಬೇಕು, ಯಾರಿಗೆ ಬೇಡ ಎಂದು ಹೇಳುವ ಅಧಿಕಾರವನ್ನು ಆ ಕೋಷ್ಟಕಕ್ಕೆ ಕೊಡುವುದು ಬೇಡ.