ಕತ್ತಿ ಹಿಡಿದ ಕೈ, ಸಸಿ ನೆಟ್ಟ ಕೈ

ಸುಬ್ರಹ್ಮಣ್ಯದ ಕಾಡುದಾರಿ. ಹೊತ್ತು ಇಳಿಯುತ್ತಿದೆ. ಪೇಟೆ ಕಡೆಯ ಮನುಷ್ಯನೊಬ್ಬ ದಾರಿ ತಪ್ಪಿಸಿಕೊಂಡು, ಯಾವ ಕವಲು ಹಿಡಿಯಬೇಕೆಂದು ತಿಳಿಯದೆ ಕಂಗಾಲಾಗಿದ್ದಾನೆ. ಶಿವರಾಮ ಕಾರಂತರ ‘ಬೆಟ್ಟದ ಜೀವ’ ಶುರುವಾಗುವುದೇ ಹೀಗೆ. ದಾರಿಯಲ್ಲಿ ಸಿಕ್ಕ ಇಬ್ಬರು ಅವನನ್ನು ಗೋಪಾಲಯ್ಯನವರ ಮನೆ ಮುಟ್ಟಿಸುತ್ತಾರೆ. ರಾತ್ರಿ ತಂಗಿ ಹೊರಡಬೇಕಾದವನನ್ನು ಆ ಮುದುಕರು ಬಿಡುವುದೇ ಇಲ್ಲ. ಓದುಗರನ್ನೂ ಬಿಡುವುದಿಲ್ಲ. 1943ರ ಈ ಪುಟ್ಟ ಕಾದಂಬರಿಯನ್ನು ಮಳೆಗಾಲ ಬಂತೆಂದರೆ ಮತ್ತೆ ಕೈಗೆತ್ತಿಕೊಳ್ಳುವ ನಾನೇ ಅದಕ್ಕೆ ಸಾಕ್ಷಿ.

ಕುಮಾರ ಪರ್ವತದ ಸೀಮೆಯಲ್ಲಿ ಕಾಡು ಕಡಿದು ತೋಟ ಎಬ್ಬಿಸಿದವರು ಗೋಪಾಲಯ್ಯ. ಆನೆ ಬರುತ್ತದೆ, ಹುಲಿ ದನಗಳ ಮೇಲೆ ಕಣ್ಣಿಡುತ್ತದೆ, ಮಳೆ ಹಿಡಿದರೆ ಬಿಡುವ ಮಾತೇ ಇಲ್ಲ. ಆದರೂ ಆ ಮುದುಕರ ಮಾತಿನಲ್ಲಿ ಕಾಡಿನ ಮೇಲೆ ಹಗೆ ಕಾಣುವುದಿಲ್ಲ. ಎಷ್ಟೋ ವರ್ಷ ಒಟ್ಟಿಗೆ ಬಾಳಿದ ದಾಯಾದಿಯ ಬಗ್ಗೆ ಆಡುವ ಹಾಗೆ, ದೂರಿನಲ್ಲೂ ಸಲಿಗೆ ಇಟ್ಟುಕೊಂಡೇ ಆಡುತ್ತಾರೆ. ಈ ಸಲಿಗೆಯೇ ಕಾದಂಬರಿಯ ರಸ ಎಂದು ನನಗೆ ಅನಿಸುತ್ತದೆ.

ಒಮ್ಮೆ ಆ ಕಡೆಯ ತೋಟವೊಂದರಲ್ಲಿ ಹಿರಿಯರೊಬ್ಬರು ಅಡಿಕೆ ಸಸಿ ನೆಡುವುದನ್ನು ನೋಡುತ್ತ ಕುಳಿತಿದ್ದೆ. ತೊಡೆಮಟ್ಟದ ಗುಂಡಿ. ಸಸಿಯನ್ನು ಅದರ ತಳದಲ್ಲಿ ನಿಲ್ಲಿಸಿ, ಬುಡಕ್ಕಷ್ಟೇ ಮಣ್ಣು ಕೊಟ್ಟು, ಕಾಲಲ್ಲಿ ಮೆಲ್ಲಗೆ ಒತ್ತಿದರು. ಉಳಿದ ಗುಂಡಿಯನ್ನು ಹಾಗೇ ಬಿಟ್ಟರು. ಗಿಡ ಏರಿದಂತೆ ವರ್ಷವರ್ಷವೂ ಸೊಪ್ಪು, ಗೊಬ್ಬರ, ಮಣ್ಣು ಹಾಕುತ್ತ ತುಂಬಬೇಕಂತೆ. ಫಸಲು ಕಾಣಲು ಐದಾರು ವರ್ಷ. ಆಮೇಲೂ ಆಟಿ ತಿಂಗಳ ಮಳೆಗೆ ಕೊಳೆರೋಗ ಬಂದರೆ ಎಳೆಕಾಯಿ ಉದುರಿ ತೋಟವೆಲ್ಲ ಚಾಪೆ ಹಾಸಿದಂತಾಗುತ್ತದೆ. ಮರುವರ್ಷ ಮತ್ತೆ ಅದೇ ತೋಟ, ಅದೇ ಮಳೆ. ಗೋಪಾಲಯ್ಯನವರ ಛಲ ಎಂಥದ್ದೆಂದು ನನಗೆ ತಿಳಿದದ್ದು ಆ ತುಂಬದ ಗುಂಡಿಯ ಪಕ್ಕದಲ್ಲಿ.

ಹೆಮಿಂಗ್ವೆಯ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಬಂದದ್ದು 1952ರಲ್ಲಿ. 84 ದಿನ ಬರಿಗೈಯಲ್ಲಿ ಮರಳಿದ ಮುದಿ ಬೆಸ್ತ ಸಾಂಟಿಯಾಗೊ, ತನ್ನ ದೋಣಿಗಿಂತ ಉದ್ದದ ಮೀನನ್ನು ಹಿಡಿಯುತ್ತಾನೆ. ಹಗ್ಗ ಅಂಗೈ ಸೀಳುತ್ತಿರುವಾಗಲೂ ಅದನ್ನು ಅಣ್ಣತಮ್ಮನೆಂದೇ ಭಾವಿಸುತ್ತಾನೆ. ಕೊನೆಗೆ ಶಾರ್ಕ್‌ಗಳು ತಿಂದುಳಿಸಿದ ಎಲುಬಷ್ಟೇ ದಡ ಸೇರುತ್ತದೆ. ಕ್ಯೂಬಾದ ಆ ಮುದುಕ, ನಮ್ಮ ಘಟ್ಟದ ಬುಡದ ಈ ಮುದುಕ ಇಬ್ಬರೂ ತಾವು ಸೆಣಸುವುದನ್ನೇ ಪ್ರೀತಿಸಿದವರು. ಆದರೆ ಸಾಂಟಿಯಾಗೊನಿಗೆ ಕೈತಪ್ಪಿದ್ದು ಮೀನು. ಗೋಪಾಲಯ್ಯನವರಿಗೆ ಕೈತಪ್ಪಿದ್ದು ಮಗ.

ಮನೆ ಬಿಟ್ಟು ಹೋದ ಶಂಭು ತಿರುಗಿ ಬಂದಿಲ್ಲ. ತಾಯಿ ಶಂಕರಮ್ಮನವರ ಕಣ್ಣು ಬಾಗಿಲಲ್ಲೇ ಇದೆ. ಹುಲಿಗೆ ಅಂಜದ ಮನೆ ಮಗನಿಲ್ಲದ ಮೌನಕ್ಕೆ ಅಂಜುತ್ತದೆ. ಅತಿಥಿಯನ್ನು ಇನ್ನೊಂದು ದಿನ, ಮತ್ತೊಂದು ದಿನ ಎಂದು ಉಳಿಸಿಕೊಳ್ಳುವ ಉಪಚಾರದ ಅಡಿಯಲ್ಲಿ ಈ ನೋವಿದೆ. ಕಾರಂತರು ಅದನ್ನು ಎತ್ತಿ ಹೇಳುವುದಿಲ್ಲ. ನಗೆಮಾತು, ಊಟ, ಗುಡ್ಡ ಹತ್ತಿ ಇಳಿಯುವ ನಡಿಗೆಗಳ ನಡುವೆ ತಾನಾಗಿ ಒಸರಲು ಬಿಡುತ್ತಾರೆ.

ಇಂದಿನ ಓದುಗರಿಗೆ ಒಂದು ಕಸಿವಿಸಿ ಆಗದಿರದು. ಕಾಡು ಕಡಿದವರನ್ನು ಹೇಗೆ ಮೆಚ್ಚುವುದು? ಇದೇ ಕಥೆಯನ್ನು ಪಿ. ಶೇಷಾದ್ರಿ ಚಿತ್ರವಾಗಿಸಿದಾಗ ಪರಿಸರ ಸಂರಕ್ಷಣೆಯ ಚಿತ್ರವೆಂದೇ ರಾಷ್ಟ್ರಪ್ರಶಸ್ತಿ ಬಂತು. ಗೋಪಾಲಯ್ಯನವರನ್ನು ಇಷ್ಟು ಅಕ್ಕರೆಯಿಂದ ಬರೆದ ಕಾರಂತರೇ ಮುಂದೆ ಕೈಗಾ ಅಣುಸ್ಥಾವರವನ್ನು ವಿರೋಧಿಸಿದರು, ಪರಿಸರದ ಮಾತು ಹೊತ್ತು 1989ರಲ್ಲಿ ಲೋಕಸಭೆಗೂ ನಿಂತರು. ಇವು ಒಂದಕ್ಕೊಂದು ಎದುರು ನಿಲ್ಲುವ ಸಂಗತಿಗಳೆಂದು ನನಗೆ ಅನಿಸುವುದಿಲ್ಲ. ಕತ್ತಿಯಲ್ಲಿ ಕಡಿಯುವವನಿಗೆ ಪ್ರತಿ ಮರದ ಗಟ್ಟಿತನ ರಟ್ಟೆಗೆ ತಿಳಿಯುತ್ತದೆ. ರಟ್ಟೆ ಸೋತಲ್ಲಿ ಕತ್ತಿ ನಿಲ್ಲುತ್ತದೆ, ಅಲ್ಲಿಂದಾಚೆ ಬೆಟ್ಟ ಬೆಟ್ಟವಾಗಿಯೇ ಉಳಿಯುತ್ತದೆ. ಯಂತ್ರಕ್ಕೆ ಆ ಸೋಲು ಗೊತ್ತಿಲ್ಲ.

ಪುಸ್ತಕ ಮುಚ್ಚಿದ ಮೇಲೂ ಗೋಪಾಲಯ್ಯ ತೋಟದ ಅಂಚಿನಲ್ಲಿ ನಿಂತಂತೆ ಕಾಣುತ್ತಾರೆ. ಹೆಗಲಾಚೆ ಮೋಡ ಹೊದ್ದ ಕುಮಾರ ಪರ್ವತ, ಕಾಲ ಬಳಿ ಗುಂಡಿಯೊಳಗಿನ ಎಳೆ ಸಸಿ. ಅದರ ಬುಡಕ್ಕೆ ಈ ವರ್ಷದ ಮಣ್ಣು ಇನ್ನೂ ಬಿದ್ದಿಲ್ಲ.