ಹತ್ತು ಪರ್ಸೆಂಟಿನ ಲೆಕ್ಕ

ಫ್ರೆಂಚ್ ಸರಣಿ ‘ಕಾಲ್ ಮೈ ಏಜೆಂಟ್!’ ನೋಡಿದವರಿಗೆಲ್ಲ ಏಜೆಂಟರ ಮೇಲೆ ಪ್ರೀತಿ ಹುಟ್ಟುತ್ತದೆ. 2015ರಿಂದ 2020ರವರೆಗೆ ನಾಲ್ಕು ಸೀಸನ್ ನಡೆದು, ನೆಟ್‌ಫ್ಲಿಕ್ಸ್ ಮೂಲಕ ನಮ್ಮ ಮನೆಗಳಿಗೂ ಬಂದ ಸರಣಿ ಅದು. ಪ್ಯಾರಿಸ್ಸಿನ ಒಂದು ಏಜೆನ್ಸಿಯವರು ತಮ್ಮ ಕಲಾವಿದರಿಗಾಗಿ ಊಟ ನಿದ್ದೆ ಬಿಟ್ಟು ಓಡಾಡುವುದೇ ಅದರ ಕಥೆ. ಮೊದಲ ಕಂತಿನಲ್ಲಿ ನಟಿ ಸೆಸಿಲ್ ದ ಫ್ರಾನ್ಸ್ ತಮ್ಮದೇ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತಾರೆ. ವಯಸ್ಸಾಯಿತೆಂಬ ಕಾರಣಕ್ಕೆ ಆಕೆಗೆ ಅಮೆರಿಕದ ದೊಡ್ಡ ಚಿತ್ರವೊಂದು ಕೈತಪ್ಪಿದೆ. ಆ ಮಾತನ್ನು ಆಕೆಯ ಮುಖಕ್ಕೆ ಹೇಳಲಾಗದೆ ಏಜೆಂಟ್ ಗೇಬ್ರಿಯಲ್ ಒದ್ದಾಡುತ್ತಾನೆ. ಸರಣಿಯ ಮೂಲ ಕಲ್ಪನೆ ಡೊಮಿನಿಕ್ ಬೆನೆಆರ್ ಅವರದು. ಸ್ವತಃ ಏಜೆಂಟ್ ಆಗಿದ್ದವರು ಅವರು. ಹಾಗಾಗಿ ಆ ಒದ್ದಾಟದಲ್ಲಿ ಸುಳ್ಳಿಲ್ಲ. ಕೆಟ್ಟ ಸುದ್ದಿಯನ್ನು ಯಾವಾಗ, ಎಷ್ಟು, ಹೇಗೆ ಹೇಳಬೇಕೆಂದು ತಿಳಿದಿರುವುದು ಈ ಕಸುಬಿನ ಅರ್ಧ ಭಾಗ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಬೇರೆ ಸರಣಿ ನನಗೆ ಗೊತ್ತಿಲ್ಲ.

ಆದರೂ ಸರಣಿ ಒಂದು ಕಡೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಅಲ್ಲಿ ಬಾಗಿಲು ತಟ್ಟುವವರೆಲ್ಲ ಆಗಲೇ ಹೆಸರು ಮಾಡಿದವರು. ಹೆಸರಿಲ್ಲದ ಕಲಾವಿದೆ ಎಂದರೆ ರಿಸೆಪ್ಷನ್ ಮೇಜಿನ ಹಿಂದೆ ಕೂತ ಸೋಫಿಯಾ. ಅವಳಿಗೆ ಏಜೆಂಟ್ ಸಿಗುವುದು ಅವಳು ಅದೇ ಕಚೇರಿಯಲ್ಲಿ ದುಡಿಯುತ್ತಾಳೆ ಎಂಬ ಕಾರಣಕ್ಕೆ. ಇದನ್ನು ನೋಡಿದ ಹೊಸ ನಟನಿಗೆ ‘ಸರಿಯಾದ ಏಜೆಂಟ್ ಸಿಕ್ಕಿಬಿಟ್ಟರೆ ನನ್ನ ಬದುಕು ಕುದುರುತ್ತದೆ’ ಅನ್ನಿಸದೆ ಇರದು. ಕೆಲಸವಿಲ್ಲದೆ ಕೂತ ನಟನಿಗೋ, ‘ಏಜೆಂಟನನ್ನು ಬದಲಾಯಿಸಿದರೆ ಎಲ್ಲ ಸರಿಹೋಗುತ್ತದೆ’ ಅನ್ನಿಸುತ್ತದೆ. ತನ್ನ ಮುಖ, ವಯಸ್ಸು, ಎತ್ತರ, ನಿರ್ಮಾಪಕನ ಮರ್ಜಿ, ಯಾವುದನ್ನೂ ಅವನು ಬದಲಾಯಿಸಲಾರ. ಬದಲಾಯಿಸಬಹುದಾದದ್ದು ಏಜೆಂಟನನ್ನು ಮಾತ್ರ. ತಪ್ಪೆಲ್ಲ ಅವನ ತಲೆಯ ಮೇಲೆ ಬೀಳುವುದು ಅದಕ್ಕೇ.

ನನ್ನ ಅಭಿಪ್ರಾಯ ಇಷ್ಟು. ಹಾಲಿವುಡ್‌ನಂಥ ಕಡೆ ಏಜೆಂಟ್ ಇರುವುದಕ್ಕೂ ಇಲ್ಲದಿರುವುದಕ್ಕೂ ಅಜಗಜಾಂತರ. ಆದರೆ ಈ ಏಜೆಂಟೋ ಆ ಏಜೆಂಟೋ ಎಂಬ ಆಯ್ಕೆಯಿಂದ ಸಿಗುವ ಕೆಲಸ, ಕಲಾವಿದರು ನಂಬಿರುವುದಕ್ಕಿಂತ ತುಂಬ ಕಡಿಮೆ. ಆ ಆಯ್ಕೆಯ ಬಿಸಿ ನಿಜವಾಗಿ ತಟ್ಟುವುದು ನಡುವಿನ ಹಂತದಲ್ಲಿರುವವರಿಗೆ.

ಇರುವುದಕ್ಕೂ ಇಲ್ಲದಿರುವುದಕ್ಕೂ ಅಷ್ಟು ವ್ಯತ್ಯಾಸ ಏಕೆಂದರೆ, ಕೆಲಸದ ಸುದ್ದಿ ಹರಿಯುವ ಕಾಲುವೆಯೇ ಏಜೆಂಟರ ಕಡೆಗಿದೆ. 1971ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಗ್ಯಾರಿ ಮಾರ್ಷ್ ಎಂಬ ಹುಡುಗ, ಏಜೆಂಟ್ ಆಗಿದ್ದ ತನ್ನ ತಾಯಿಗಾಗಿ ಸ್ಟುಡಿಯೋಗಳಿಗೆ ಹೋಗಿ ಸ್ಕ್ರಿಪ್ಟ್ ಓದಿ, ಯಾವ ಯಾವ ಪಾತ್ರಗಳಿವೆ ಎಂದು ಬರೆದು ತರುತ್ತಿದ್ದ. ಅದೇ ಮುಂದೆ ಬ್ರೇಕ್‌ಡೌನ್ ಸರ್ವೀಸಸ್ ಎಂಬ ಕಂಪನಿಯಾಯಿತು. ಇವತ್ತು ಅಮೆರಿಕದ ಯಾವುದೇ ಧಾರಾವಾಹಿ ಅಥವಾ ಚಿತ್ರದಲ್ಲಿ ಪಾತ್ರ ಖಾಲಿಯಿದ್ದರೆ ಅದರ ವಿವರ ಹೆಚ್ಚಾಗಿ ಇಂಥ ಜಾಲದ ಮೂಲಕವೇ ಏಜೆಂಟರ ಕಂಪ್ಯೂಟರಿಗೆ ಬರುತ್ತದೆ. ನಟರು ನೇರವಾಗಿ ನೋಡಬಹುದಾದ ಪಟ್ಟಿಯೂ ಇದೆ. ಆದರೆ ಒಳ್ಳೆಯ ಪಾತ್ರಗಳಲ್ಲಿ ಬಹಳಷ್ಟು ಆ ಪಟ್ಟಿಗೆ ಇಳಿಯುವುದೇ ಇಲ್ಲ.

ಮುಂದಿನದನ್ನು ಹತ್ತಿರದಿಂದ ನೋಡಬೇಕು. ‘ನರ್ಸ್, ಮೂವತ್ತರ ಆಸುಪಾಸು, ರಾತ್ರಿ ಪಾಳಿ, ನಾಲ್ಕು ಸಾಲು ಮಾತು’ ಎಂಬ ವಿವರ ಬರುತ್ತದೆ. ಏಜೆಂಟನ ಸಹಾಯಕ ತಮ್ಮಲ್ಲಿರುವ ನಟಿಯರ ಫೋಟೋಗಳನ್ನು ಆರಿಸಿ ಕಳಿಸುತ್ತಾನೆ. ಆಚೆ ಕಾಸ್ಟಿಂಗ್ ಕಚೇರಿಯ ಪರದೆಯ ಮೇಲೆ ಅಂಚೆಚೀಟಿಯಷ್ಟು ದೊಡ್ಡ ಮುಖಗಳು ಸಾಲು ಸಾಲಾಗಿ ಬಂದು ಕೂರುತ್ತವೆ, ನೂರಾರು, ಕೆಲವೊಮ್ಮೆ ಸಾವಿರ ದಾಟಿ. ಅಷ್ಟನ್ನೂ ಬಿಡಿಸಿ ನೋಡಲು ಯಾರಿಗೂ ಪುರುಸೊತ್ತಿಲ್ಲ. ಆಗ ಕಣ್ಣು ಹೋಗುವುದು ಫೋಟೋದ ಜೊತೆಗಿರುವ ಏಜೆನ್ಸಿಯ ಹೆಸರಿನ ಕಡೆಗೆ. ಏಜೆಂಟ್ ನೆರವಾಗುವುದು ಇಲ್ಲೇ. ಆದರೆ ಆ ನೆರವು ಅವನ ಕಚೇರಿ ಎಷ್ಟು ದೊಡ್ಡದು ಎಂಬುದರಿಂದ ಬರುವುದಿಲ್ಲ. ಇವನು ಹಿಂದೆ ಕಳಿಸಿದವರು ಪಾತ್ರಕ್ಕೆ ಒಪ್ಪುವಂತಿದ್ದರೇ, ಅಥವಾ ಇರುವವರನ್ನೆಲ್ಲ ಗಂಟು ಕಟ್ಟಿ ಕಳಿಸುವವನೇ ಎಂಬುದು ಕಾಸ್ಟಿಂಗ್ ನಿರ್ದೇಶಕರ ನೆನಪಿನಲ್ಲಿರುತ್ತದೆ. ಒಂದು ಪಾತ್ರಕ್ಕೆ ಇಬ್ಬರನ್ನೇ ಕಳಿಸಿ, ಆಮೇಲೆ ಫೋನ್ ಮಾಡಿ ‘ಈ ಹುಡುಗಿಯನ್ನು ಒಮ್ಮೆ ನೋಡಿ’ ಎನ್ನುವ ಸಣ್ಣ ಏಜೆಂಟನ ಮಾತಿಗೆ, ಇಪ್ಪತ್ತು ಮುಖ ಕಳಿಸಿ ಸುಮ್ಮನಾಗುವ ದೊಡ್ಡ ಸಂಸ್ಥೆಗಿಂತ ಹೆಚ್ಚು ತೂಕ. ನೋಡಿದ ಮೇಲೆ ಪಾತ್ರ ಸಿಗುವುದೋ ಇಲ್ಲವೋ, ಅದರಲ್ಲಿ ಏಜೆಂಟನ ಕೈವಾಡ ಏನೂ ಇಲ್ಲ.

ಹಾಗಾದರೆ ಏಜೆಂಟ್ ಯಾರಿಗಾಗಿ ಆ ಫೋನ್ ಮಾಡುತ್ತಾನೆ? ಉತ್ತರ ದುಡ್ಡಿನ ಲೆಕ್ಕದಲ್ಲಿದೆ. ಏಜೆಂಟನ ಪಾಲು ನಟನ ಸಂಭಾವನೆಯಲ್ಲಿ ನೂರಕ್ಕೆ 10. 2023ರಲ್ಲಿ ಅಮೆರಿಕದ ಕಲಾವಿದರ ಸಂಘ ಸ್ಯಾಗ್-ಆಫ್ಟ್ರಾ ಮುಷ್ಕರ ಹೂಡಿದಾಗ ಒಂದು ಮೊತ್ತ ಎಲ್ಲರ ಬಾಯಲ್ಲೂ ಓಡಾಡಿತು. ಸಂಘದ ಆರೋಗ್ಯ ವಿಮೆ ಬೇಕಾದರೆ ವರ್ಷಕ್ಕೆ 26,470 ಡಾಲರ್ ದುಡಿಯಬೇಕಿತ್ತು, ಬಹುಪಾಲು ಸದಸ್ಯರು ಆ ಗೆರೆಯನ್ನೇ ಮುಟ್ಟುತ್ತಿರಲಿಲ್ಲ. ಗೆರೆ ಮುಟ್ಟಿದ ನಟನನ್ನೇ ತೆಗೆದುಕೊಳ್ಳೋಣ. ಅವನಿಂದ ಏಜೆಂಟನಿಗೆ ಇಡೀ ವರ್ಷಕ್ಕೆ ಸಿಗುವುದು 2,647 ಡಾಲರ್. ಅದೇ ಕಚೇರಿಯಲ್ಲಿ ಒಂದು ಚಿತ್ರಕ್ಕೆ 1 ಕೋಟಿ ಡಾಲರ್ ಪಡೆಯುವ ತಾರೆ ಇದ್ದರೆ ಆ ಒಂದೇ ಚಿತ್ರದಿಂದ 10 ಲಕ್ಷ. ದೊಡ್ಡ ಸಂಸ್ಥೆಗೆ ಸೇರಿದ ಸಣ್ಣ ನಟನ ಫೋನನ್ನು ಮೂರು ದಿನವಾದರೂ ಯಾರೂ ಎತ್ತದಿದ್ದರೆ ಅದು ಕೆಟ್ಟತನದಿಂದ ಆಗುವುದಲ್ಲ, ಈ ಲೆಕ್ಕದಿಂದ ಆಗುವುದು. ನನಗೆ ಸಂಕಟವಾಗುವುದು ಇಲ್ಲಿಯೇ. ಆ ನಟ ಅದನ್ನು ತನ್ನ ಪ್ರತಿಭೆಯ ಮೇಲೆ ಬಂದ ತೀರ್ಪೆಂದು ತಿಳಿದು ಕುಗ್ಗಿಹೋಗುತ್ತಾನೆ.

ನಟ ಜಾನ್ ಹ್ಯಾಮ್ ಕಥೆ ಇದಕ್ಕೆ ಸಾಕ್ಷಿ. 1990ರ ದಶಕದ ನಡುವೆ ಲಾಸ್ ಏಂಜಲಿಸ್‌ಗೆ ಬಂದ ಈ ಹುಡುಗನನ್ನು ಕರೆದು ಸಹಿ ಹಾಕಿಸಿಕೊಂಡದ್ದು ವಿಲಿಯಂ ಮಾರಿಸ್, ಆ ಊರಿನ ಹಳೆಯ, ಘನವಾದ ಸಂಸ್ಥೆ. ಮೂರು ವರ್ಷ ಒಂದು ಪಾತ್ರವೂ ಸಿಗಲಿಲ್ಲ. ಇಪ್ಪತ್ತರ ಹರೆಯದವನ ಮುಖ ವಯಸ್ಸಿಗೆ ಮೀರಿ ಬಲಿತಂತೆ ಕಾಣುತ್ತಿತ್ತು, ಆಗಿನ ಟೀವಿಗೆ ಬೇಕಾದದ್ದು ಎಳೆಯ ಮುಖಗಳು. 1998ರಲ್ಲಿ ಸಂಸ್ಥೆ ಅವನನ್ನು ಕೈಬಿಟ್ಟಿತು. ಅವನು ಹೋಟೆಲುಗಳಲ್ಲಿ ತಟ್ಟೆ ಹೊತ್ತುಕೊಂಡೇ ಆಡಿಷನ್‌ಗಳಿಗೆ ಅಲೆದ. 2007ರಲ್ಲಿ ‘ಮ್ಯಾಡ್ ಮೆನ್’ ಸರಣಿ ಬಂದಾಗ, ಮತ್ತೆ ಮತ್ತೆ ಆಡಿಷನ್ ಕೊಟ್ಟ ಮೇಲೆ, ಬೇಡವಾಗಿದ್ದ ಅದೇ ಬಲಿತ ಮುಖ ಅದರ ನಾಯಕ ಡಾನ್ ಡ್ರೇಪರ್‌ಗೆ ಬೇಕಾದ ಮುಖವಾಯಿತು. ಆ ಮೂರು ವರ್ಷ ಅವನ ಬೆನ್ನಿಗಿದ್ದದ್ದು ಜಗತ್ತಿನ ದೊಡ್ಡ ಹೆಸರುಗಳಲ್ಲೊಂದು. ಅದರಿಂದ ಏನೂ ಆಗಲಿಲ್ಲ.

ಬ್ರಯಾನ್ ಕ್ರ್ಯಾನ್‌ಸ್ಟನ್‌ಗೆ ‘ಬ್ರೇಕಿಂಗ್ ಬ್ಯಾಡ್’ ಸಿಕ್ಕ ದಾರಿ ಇನ್ನೊಂದು ಬಗೆಯದು. ಹಾಸ್ಯ ಧಾರಾವಾಹಿಯ ಅಪ್ಪನ ಪಾತ್ರದಿಂದ ಹೆಸರಾಗಿದ್ದ ಅವರ ಬಗ್ಗೆ ವಾಹಿನಿಯವರಿಗೆ ಅನುಮಾನ. ಸರಣಿಯ ಕರ್ತೃ ವಿನ್ಸ್ ಗಿಲಿಗನ್, ತಾವೇ ಬರೆದಿದ್ದ ‘ದಿ ಎಕ್ಸ್-ಫೈಲ್ಸ್’ನ 1998ರ ಒಂದು ಕಂತಿನಲ್ಲಿ ಕ್ರ್ಯಾನ್‌ಸ್ಟನ್ ಮಾಡಿದ್ದ ಪಾತ್ರವನ್ನು ಅವರಿಗೆ ತೋರಿಸಿದರು. ಒಂದೇ ಕಂತಿನ ಅತಿಥಿ ಪಾತ್ರ ಎಷ್ಟೋ ವರ್ಷಗಳ ನಂತರ ವಕಾಲತ್ತು ಮಾಡಿತು. ನಟನ ಹಿಂದಿನ ಕೆಲಸ ಮಾತಾಡಲು ಶುರುಮಾಡಿದ ಮೇಲೆ ಏಜೆಂಟನ ದನಿ ತಗ್ಗುತ್ತದೆ ಎನ್ನಲು ಬಿಲ್ ಮರ್ರೆಗಿಂತ ಬೇರೆ ಉದಾಹರಣೆ ಬೇಡ. ಅವರು ಏಜೆಂಟನನ್ನೇ ಬಿಟ್ಟು ಒಂದು ಫೋನ್ ನಂಬರ್ ಇಟ್ಟುಕೊಂಡರು, ಬೇಕಾದವರು ಅದರಲ್ಲಿ ಸಂದೇಶ ಬಿಡಬೇಕು. ‘ಲಾಸ್ಟ್ ಇನ್ ಟ್ರಾನ್ಸ್‌ಲೇಷನ್’ ಚಿತ್ರಕ್ಕಾಗಿ ನಿರ್ದೇಶಕಿ ಸೋಫಿಯಾ ಕೊಪೊಲಾ ತಿಂಗಳುಗಟ್ಟಲೆ ಅವರ ಬೆನ್ನು ಹತ್ತಿದರು. ಹೊಸಬ ಹೀಗೆ ಮಾಡಿದರೆ ಆ ನಂಬರಿಗೆ ಫೋನ್ ಬರುವುದಿಲ್ಲ, ಅದು ಬೇರೆ ಮಾತು.

ತಾರೆಗಳಿಗೆ ಏಜೆಂಟ್ ಕೊಡಿಸುವುದು ಕೆಲಸವನ್ನಲ್ಲ, ಕೆಲಸದ ಬೆಲೆಯನ್ನು. 1950ರ ‘ವಿಂಚೆಸ್ಟರ್ 73’ ಚಿತ್ರಕ್ಕೆ ಜೇಮ್ಸ್ ಸ್ಟುವರ್ಟ್ ಪರವಾಗಿ ಎಂಸಿಎ ಸಂಸ್ಥೆಯ ಲೂ ವಾಸರ್‌ಮನ್ ಮಾತಾಡಿದ್ದು ಚರಿತ್ರೆಯಾಗಿದೆ. ಮುಂಗಡ ಸಂಭಾವನೆ ಬಿಟ್ಟು ಲಾಭದಲ್ಲಿ ಪಾಲು ಕೇಳಿದರು, ಚಿತ್ರ ಗೆದ್ದು ಸ್ಟುವರ್ಟ್ ಶ್ರೀಮಂತರಾದರು. ಸ್ಟುಡಿಯೋಗಳ ಸಂಬಳದಾಳಾಗಿದ್ದ ನಟನನ್ನು ಪಾಲುದಾರನ ಮಟ್ಟಕ್ಕೆ ತಂದ ಕೆಲಸ ಅದು. ಒಳ್ಳೆಯ ಏಜೆಂಟ್ ಎಂದರೆ ಯಾರು ಎಂಬುದಕ್ಕೆ ನಾನು ಇದನ್ನೇ ತೋರಿಸುವೆ.

ಆದರೆ ಅದೇ ಎಂಸಿಎ ಮುಂದೆ ತಾನೇ ಟೀವಿ ಕಾರ್ಯಕ್ರಮಗಳನ್ನು ತಯಾರಿಸತೊಡಗಿತು. ನಟನ ಪರವಾಗಿ ಹೆಚ್ಚು ಸಂಭಾವನೆ ಕೇಳಬೇಕಾದವನೂ ಅವನೇ, ಸಂಭಾವನೆ ಕೊಡಬೇಕಾದ ಮಾಲೀಕನೂ ಅವನೇ. ಹೀಗೆ ಮಾಡಲು 1952ರಲ್ಲಿ ಒಪ್ಪಿಗೆ ಕೊಟ್ಟದ್ದು ನಟರ ಸಂಘ. ಆಗ ಅದರ ಅಧ್ಯಕ್ಷರು ರೊನಾಲ್ಡ್ ರೇಗನ್, ಎಂಸಿಎ ಸಂಸ್ಥೆಯದೇ ಕಲಾವಿದ. ಕೊನೆಗೆ 1962ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಬೆನ್ನು ಹತ್ತಿದಾಗ ಎಂಸಿಎ ಏಜೆನ್ಸಿ ವ್ಯವಹಾರವನ್ನೇ ಮುಚ್ಚಿತು. ಆದರೆ ಚಟ ಹೋಗಲಿಲ್ಲ. ವಿಲಿಯಂ ಮಾರಿಸ್ ಬಿಟ್ಟುಬಂದ ಐವರು 1975ರಲ್ಲಿ ಕಟ್ಟಿದ ಸಿಎಎ ಸಂಸ್ಥೆಯ ಕಾಲಕ್ಕೆ ‘ಪ್ಯಾಕೇಜಿಂಗ್’ ಹಾಲಿವುಡ್‌ನ ಮುಖ್ಯ ದಂಧೆಯಾಗಿ ಬೆಳೆಯಿತು. ಬರಹಗಾರ, ನಿರ್ದೇಶಕ, ತಾರೆ ಎಲ್ಲರನ್ನೂ ಒಂದೇ ಏಜೆನ್ಸಿ ಒಟ್ಟು ಮಾಡಿ ಸ್ಟುಡಿಯೋಗೆ ಕೊಡುವುದು. ಟೀವಿಯಲ್ಲಾದರೆ ತನ್ನವರಿಂದ ಹತ್ತು ಪರ್ಸೆಂಟ್ ಬಿಟ್ಟು ಸ್ಟುಡಿಯೋದಿಂದಲೇ ಶುಲ್ಕ ವಸೂಲು ಮಾಡುವುದು. ಕೂಟದೊಳಗಿರುವ ನಟನಿಗೆ ಕಮಿಷನ್ ಉಳಿಯಿತು, ಪಾತ್ರವೂ ಸಲೀಸಾಗಿ ಸಿಕ್ಕಿತು. ಆದರೆ ಅವನ ಸಂಭಾವನೆ ಏರಿದರೂ ಏಜೆಂಟನಿಗೆ ಲಾಭವಿಲ್ಲ, ಇಳಿದರೂ ನಷ್ಟವಿಲ್ಲ. ಅವನಿಗಾಗಿ ಜಗಳವಾಡಲು ಇದ್ದ ಏಕೈಕ ಕಾರಣವೇ ಹೋಯಿತು. ಹತ್ತು ಪರ್ಸೆಂಟ್ ಹೊರೆ ಎಂದು ಗೊಣಗುವ ನಟರು ಇದನ್ನು ಗಮನಿಸಬೇಕು.

ಏಜೆಂಟರಿಲ್ಲದೆ ಏನಾಗುತ್ತದೆ ಎಂಬುದನ್ನು ಬರಹಗಾರರು ಪ್ರಯೋಗವಾಗಿಯೇ ಮಾಡಿ ನೋಡಿದರು. ಪ್ಯಾಕೇಜಿಂಗ್ ವಿರುದ್ಧ 2019ರ ಏಪ್ರಿಲ್‌ನಲ್ಲಿ ಅಮೆರಿಕದ ಚಿತ್ರಲೇಖಕರ ಸಂಘದ ಸುಮಾರು 7,000 ಸದಸ್ಯರು ತಂತಮ್ಮ ಏಜೆಂಟರನ್ನು ಒಟ್ಟಿಗೆ ತೆಗೆದುಹಾಕಿದರು. ಕೊನೆಯ ದೊಡ್ಡ ಸಂಸ್ಥೆ ರಾಜಿಗೆ ಬಂದದ್ದು 2021ರ ಫೆಬ್ರುವರಿಯಲ್ಲಿ. ನಡುವಿನ ಕಾಲದಲ್ಲಿ ಟೀವಿ ನಿಲ್ಲಲಿಲ್ಲ, ಧಾರಾವಾಹಿಗಳನ್ನು ಬರೆಯುವವರು ಬರೆಯುತ್ತಲೇ ಇದ್ದರು. ಪರಿಚಯವಿದ್ದವರು ಪರಿಚಯದಿಂದ ಕೆಲಸ ಹಿಡಿದರು, ಸಂಘವೇ ಬರಹಗಾರರನ್ನೂ ನಿರ್ಮಾಪಕರನ್ನೂ ಕೂಡಿಸುವ ಆನ್‌ಲೈನ್ ವ್ಯವಸ್ಥೆ ಮಾಡಿತು. ಬರಹಗಾರನ ಹಸ್ತಪ್ರತಿಯನ್ನು ಕೈಯಿಂದ ಕೈಗೆ ದಾಟಿಸಬಹುದು, ನಟನ ಮುಖಕ್ಕೆ ಆ ಸೌಲಭ್ಯವಿಲ್ಲ ಎಂಬ ಮಾತನ್ನು ಒಪ್ಪುತ್ತೇನೆ. ಆದರೂ ಏಜೆಂಟನಿಲ್ಲದಿದ್ದರೆ ಪ್ರಳಯವೆಂಬ ನಂಬಿಕೆ ಅಲ್ಲಿ ಬಿರುಕು ಬಿಟ್ಟಿತು.

ಇದಕ್ಕೆ ಎದುರಾಗಿ ನಿಲ್ಲುವ ಒಂದು ಉದಾಹರಣೆಯನ್ನು ಮರೆಮಾಚುವುದು ಸರಿಯಲ್ಲ. ಪ್ರಿಯಾಂಕಾ ಚೋಪ್ರಾ ಮುಂಬೈಯಲ್ಲಿ ಎಲ್ಲವನ್ನೂ ಗೆದ್ದವರು, ಆದರೆ ಅಮೆರಿಕದ ಕಾಸ್ಟಿಂಗ್ ಕಚೇರಿಗಳಿಗೆ ಆ ಗೆಲುವು ಗೊತ್ತಿರಲಿಲ್ಲ. ಅಲ್ಲಿ ಅವರ ಮ್ಯಾನೇಜರ್ ಅಂಜುಲಾ ಆಚಾರಿಯಾ ದಾರಿ ಕಡಿದುಕೊಟ್ಟರು. ಮೊದಲು ಹಾಡು, ಆಮೇಲೆ ಎಬಿಸಿ ವಾಹಿನಿಯ ಜೊತೆ ಒಪ್ಪಂದ, 2015ರಲ್ಲಿ ‘ಕ್ವಾಂಟಿಕೊ’. ನಟನ ಹಳೆಯ ಕೆಲಸ ಯಾರೂ ನೋಡಿರದ ಊರಿಗೆ ಹೋದಾಗ, ಆ ಊರಿನ ಭಾಷೆ ಬಲ್ಲ ಒಬ್ಬ ವ್ಯಕ್ತಿಯ ಆಯ್ಕೆ ಎಲ್ಲಕ್ಕಿಂತ ಮುಖ್ಯವಾಗುತ್ತದೆ. ಅಂಥ ಕಡೆ ನನ್ನ ವಾದ ಸಡಿಲವಾಗುತ್ತದೆ.

ಕನ್ನಡ ಚಿತ್ರರಂಗದಲ್ಲಿ ಈ ಅರ್ಥದ ಏಜೆಂಟ್ ಬೇರೂರಿಲ್ಲ. ಹೀರೋಗಳಿಗೆ ಡೇಟ್ಸ್ ನೋಡಿಕೊಳ್ಳುವ ಮ್ಯಾನೇಜರ್ ಇರುತ್ತಾರೆ, ಗುಂಪಿನ ದೃಶ್ಯಗಳಿಗೆ ಜೂನಿಯರ್ ಆರ್ಟಿಸ್ಟ್‌ಗಳನ್ನು ಒದಗಿಸುವ ಏಜೆಂಟರಿದ್ದಾರೆ. ನಡುವಿನ ಪೋಷಕ ನಟನಟಿಯರು ಬರುವುದು ರಂಗಭೂಮಿಯಿಂದ, ಧಾರಾವಾಹಿಯಿಂದ, ಅಸೋಸಿಯೇಟ್ ಡೈರೆಕ್ಟರ್ ಒಬ್ಬರ ನೆನಪಿನಿಂದ. ಅಚ್ಯುತ್ ಕುಮಾರ್ ಅವರಂಥವರ ಬೆನ್ನಿಗೆ ನೀನಾಸಮ್ ಇತ್ತು. ನಟನೆ ಕಲಿಸಿದ್ದಲ್ಲದೆ, ನೂರು ಕಡೆ ಪರಿಚಯದ ಕಣ್ಣುಗಳನ್ನೂ ಆ ಸಂಸ್ಥೆ ಕೊಟ್ಟಿತು. ‘ತಿಥಿ’ ಚಿತ್ರಕ್ಕಂತೂ ನಿರ್ದೇಶಕ ರಾಮ್ ರೆಡ್ಡಿ ಮಂಡ್ಯ ಸೀಮೆಯ ಹಳ್ಳಿಗರನ್ನೇ ಕ್ಯಾಮೆರಾ ಮುಂದೆ ತಂದರು.

ಈ ವ್ಯವಸ್ಥೆಯಲ್ಲಿ ಪರಿಚಯವಿಲ್ಲದವನಿಗೆ ಬಾಗಿಲೇ ಇಲ್ಲ. ಆ ಜಾಗಕ್ಕೆ ಬೆಂಗಳೂರಿನಲ್ಲಿ ಬಂದು ಕೂತವರು ಬೇರೆಯೇ ಜನ. ‘ಪೋರ್ಟ್‌ಫೋಲಿಯೊ ನಮ್ಮಲ್ಲೇ ಮಾಡಿಸಿ’, ‘ರಿಜಿಸ್ಟ್ರೇಷನ್ ಫೀಸ್ ಕಟ್ಟಿ’, ‘ದೊಡ್ಡ ಬ್ಯಾನರ್‌ನಲ್ಲಿ ಹೀರೋ ತಮ್ಮನ ಪಾತ್ರ ಇದೆ’ ಎಂದು ಹಾಸನ, ದಾವಣಗೆರೆ, ಕಲಬುರಗಿಯಿಂದ ಬಂದ ಮಕ್ಕಳ ಅಪ್ಪ ಅಮ್ಮನ ದುಡ್ಡನ್ನು ಮೊದಲೇ ಎತ್ತಿಕೊಳ್ಳುವವರು. ಕ್ಯಾಲಿಫೋರ್ನಿಯಾದಲ್ಲಿ ಕಲಾವಿದರಿಗೆ ಕೆಲಸ ಹುಡುಕಿಕೊಡುವವನಿಗೆ ರಾಜ್ಯದ ಲೇಬರ್ ಕಮಿಷನರ್ ಕೊಟ್ಟ ಲೈಸೆನ್ಸ್ ಬೇಕು, ಅವನು ನೋಂದಣಿ ಶುಲ್ಕ ಪಡೆಯುವುದು ಕಾನೂನುಬಾಹಿರ. ನಟ ದುಡಿದ ಮೇಲಷ್ಟೇ ಅವನಿಗೆ ದುಡಿಮೆ. ಆ ವ್ಯವಸ್ಥೆಯ ಎಲ್ಲ ಕೊಳಕಿನ ನಡುವೆಯೂ ಈ ಒಂದು ನಿಯಮಕ್ಕಾಗಿ ನಾನು ಅದನ್ನು ಗೌರವಿಸುತ್ತೇನೆ. ಕೆಲಸ ಕೊಡಿಸುವ ಮೊದಲೇ ಗಳಿಸುವವನಿಗೆ ಕೆಲಸ ಕೊಡಿಸುವ ಅಗತ್ಯ ಏನಿದೆ?

ಅಲ್ಲಿನ ನಟರ ಸಂಘ ಏಜೆಂಟರಿಗೆ ಹಾಕಿದ್ದ ಹಳೆಯ ನಿಯಮಾವಳಿಯಲ್ಲಿ ಇನ್ನೊಂದು ಷರತ್ತಿತ್ತು. 91 ದಿನಗಳಲ್ಲಿ 10 ದಿನದ ಕೆಲಸ ಸಿಗದಿದ್ದರೆ ನಟ ಕರಾರು ಮುರಿದುಕೊಂಡು ಹೊರಡಬಹುದು. ಈಗ ಬೆಂಗಳೂರಿನಲ್ಲೂ ಟ್ಯಾಲೆಂಟ್ ಮ್ಯಾನೇಜ್‌ಮೆಂಟ್ ಹೆಸರಿನ ಕಚೇರಿಗಳು ತೆರೆಯುತ್ತಿವೆ, ವರ್ಷಗಟ್ಟಲೆಯ ಕರಾರುಪತ್ರಗಳು ಹೊಸ ಹುಡುಗ ಹುಡುಗಿಯರ ಮುಂದೆ ಬರುತ್ತಿವೆ. ಏಜೆನ್ಸಿಯ ಗೋಡೆಯ ಮೇಲೆ ಯಾವ ತಾರೆಯ ಫೋಟೋ ಇದೆ ಎಂದು ನೋಡುವ ಮೊದಲು ಅವರು ಆ ಪತ್ರದಲ್ಲಿ ಇಂಥ ಒಂದು ಸಾಲು ಇದೆಯೇ ಎಂದು ಹುಡುಕಲಿ. ಇಲ್ಲದಿದ್ದರೆ ಸೇರಿಸಿ ಎಂದು ಕೇಳಲಿ. ಆ ಕಚೇರಿ ತಮಗಾಗಿ ಎಷ್ಟು ಓಡಾಡೀತು ಎಂಬುದು ಅದಕ್ಕೆ ಸಿಗುವ ಉತ್ತರದಲ್ಲೇ ಗೊತ್ತಾಗುತ್ತದೆ.